ಗುಳಿಗೆಯ ದಿನಕ್ಕೆ ಊರಿಗೆ ಹೋಗುತ್ತಿದ್ದವಳು

ಕಳೆದ ವಾರ ನಾನು ಫೋನಿನಲ್ಲಿ “ಬಾಯಿ ತೆಗಿ, ನಾಲಿಗಿ ಎತ್ತು” ಎಂದು ಜೋರಾಗಿ ಹೇಳುತ್ತಿದ್ದುದನ್ನು ಕೇಳಿ ನೀವಿಬ್ಬರೂ ಬಾಗಿಲಲ್ಲಿ ನಿಂತು ನಕ್ಕಿರಿ. ಧನ್ಯಾ, ನೀನಂತೂ ಅಜ್ಜಿ ಡಾಕ್ಟರಾಗಿಬಿಟ್ಟಿದ್ದಾಳೆ ಎಂದು ನಿಮ್ಮಪ್ಪನಿಗೆ ಹೇಳಿ ಬಂದೆ. ಯಾರ ಫೋನು ಬಂದರೂ “ಹ್ಞೂಂ, ಊಟ ಆಯ್ತು” ಎಂದು ಇಟ್ಟುಬಿಡುವ ಅಜ್ಜಿ ಹಾಗೆ ಕೂಗಿದರೆ ನಗು ಬರುವುದು ಸಹಜ. ಆಗಲೇ ನಿಮಗೆ ವಿಷಯ ಹೇಳೋಣವೆಂದುಕೊಂಡೆ, ಆಗಲಿಲ್ಲ. ನನಗೆ ಹೇಳುವುದಕ್ಕಿಂತ ಬರೆಯುವುದು ಸುಲಭ. ಆ ಮಾತು ನನ್ನದಲ್ಲ. ಎದುರು ಕಟ್ಟಡದ ರೊಟ್ಟಿ ಅಜ್ಜಿಯದು.

ನಿಮಗೆ ಆಕೆಯ ಹೆಸರು ಗೊತ್ತಿಲ್ಲ. ನನಗೆ ಗೊತ್ತಿದೆ, ಆದರೂ ಬರೆಯುವುದಿಲ್ಲ. ಊರಿನಲ್ಲಿ ಆಕೆಗೊಬ್ಬಳು ಮೊಮ್ಮಗಳಿದ್ದಾಳೆ. ನಾಳೆ ಅವಳಿಗೆ ಗಂಡು ನೋಡುವಾಗ ಆ ಮನೆತನದಲ್ಲಿ ಇಂಥ ಕಾಲಿತ್ತು ಎಂದು ಯಾರೂ ಆಡಿಕೊಳ್ಳಬಾರದು.

ನಿಮ್ಮ ತಾತ ತೀರಿಕೊಂಡ ವರ್ಷವೇ ಎದುರು ಸೈಟಿನಲ್ಲಿ ಪಾಯ ತೋಡಿದರು. ಕಬ್ಬಿಣದ ಶೀಟಿನದೊಂದು ಶೆಡ್ಡು ಎದ್ದಿತು. ಕಲಬುರಗಿಯ ಆಚೆಯ ಹಳ್ಳಿಯಿಂದ ಬಂದ ವಾಚ್‌ಮನ್, ಅವನ ಹೆಂಡತಿ, ಅವನ ತಾಯಿ ಅದರಲ್ಲಿದ್ದರು. ಆಗ ನನಗೆ ಯಾರ ಜೊತೆಗೂ ಮಾತು ಬೇಡವಾಗಿತ್ತು. ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದೆ. ಆ ತಾಯಿಯೂ ಶೆಡ್ಡಿನ ಬಾಗಿಲಲ್ಲಿ ಸೀರೆಯನ್ನು ಕಾಲ ಮೇಲೆ ಹರಡಿಕೊಂಡು ಕೂತೇ ಇರುತ್ತಿದ್ದಳು. ಸೈಟಿನ ಮಾಲೀಕ ಕಾರಿನಿಂದ ಇಳಿದರೂ ಏಳುತ್ತಿರಲಿಲ್ಲ. ಎಷ್ಟು ಗತ್ತು ಈಕೆಗೆ ಎಂದುಕೊಂಡಿದ್ದೆ.

ಒಂದು ದಿನ ನೀರಿನ ಟ್ಯಾಂಕರ್ ಬಂದಾಗ ಮಗ ಸೊಸೆ ಇಬ್ಬರೂ ಇರಲಿಲ್ಲ. ಆಕೆ ಗೋಡೆ ಹಿಡಿದು ಎದ್ದಳು. ಆಗ ಕಂಡಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಒಂದೇ ದಪ್ಪಕ್ಕೆ ಇಳಿದಿತ್ತು. ಪಾದ ಮಡಿಕೆ ಮಡಿಕೆಯಾಗಿ ಅದರೊಳಗೇ ಹೂತುಹೋಗಿತ್ತು, ಬೆರಳುಗಳು ಮಾತ್ರ ಹೊರಗೆ ಇಣುಕುತ್ತಿದ್ದವು. ಆನೆಕಾಲು ಎಂಬ ಮಾತನ್ನು ಮಾಗಡಿ ಕಡೆಯ ನಮ್ಮೂರಿನಲ್ಲಿ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನಾನು ಹೋಗಿ ಪೈಪು ಹಿಡಿದುಕೊಂಡೆ. ಆಕೆ ಕೊಡ ಇಟ್ಟಳು. ಸಂಜೆ ಆಕೆಯ ಸೊಸೆ ಬಿಸಿ ಜೋಳದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ತಂದು ಕೊಟ್ಟು, ಅತ್ತೆ ಕೊಟ್ಟು ಬಾ ಅಂದರು ಎಂದಳು. ನಮ್ಮ ಪರಿಚಯ ಆದದ್ದು ಹೀಗೆ.

ಆಮೇಲೆ ರೊಟ್ಟಿ ಬಡಿಯುವುದೇ ಆಕೆಯ ಕೆಲಸವಾಯಿತು. ಅವರೂರಿನ ಕಡೆಯಿಂದ ಬಂದು ಇಲ್ಲಿ ಬೈಕಿನಲ್ಲಿ ಊಟ ಹಂಚುವ ಹುಡುಗರು ವಾಸನೆ ಹಿಡಿದು ಬಂದು ನಿಲ್ಲುತ್ತಿದ್ದರು. ಊರಿಗೆಲ್ಲ ಬಿರಿಯಾನಿ ಹಂಚುತ್ತೀರಿ, ನಿಮ್ಮ ಹೊಟ್ಟೆಗೆ ಮಾತ್ರ ನನ್ನ ರೊಟ್ಟಿಯೇ ಬೇಕೇನು ಎಂದು ಆಕೆ ಕೆಣಕುವಳು. ನಿನ್ನ ರೊಟ್ಟಿ ತಿಂದರೆ ಮೂರು ಮಹಡಿ ಲಿಫ್ಟಿಲ್ಲದೆ ಹತ್ತುತ್ತೇವೆ ಅವ್ವಾ ಎಂದು ಅವರೆನ್ನುವರು. ರೊಟ್ಟಿ ಬಡಿಯುವ ಸದ್ದಿಲ್ಲದ ದಿನ ನಮ್ಮ ರಸ್ತೆ ಬಿಕೋ ಎನ್ನುತ್ತಿತ್ತು.

ಧನ್ಯಾ, ನೀನು ಆಗ ತೀರಾ ಚಿಕ್ಕವಳು. ದೊಡ್ಡವರಾರೂ ಕೇಳದ್ದನ್ನು ನೀನು ಕೇಳಿಬಿಟ್ಟೆ.

“ಅಜ್ಜಿ, ನಿಮ್ ಕಾಲು ಯಾಕೆ ಅಷ್ಟು ದಪ್ಪ?”

ನನಗೆ ಭೂಮಿಯೊಳಗೆ ಇಳಿದುಹೋದರೆ ಸಾಕೆನ್ನಿಸಿತು. ಆಕೆ ನಕ್ಕಳು. ಮುಂದಿನ ಹಲ್ಲುಗಳ ನಡುವೆ ಸಂದು ಇದ್ದದ್ದರಿಂದ ಆಕೆ ನಕ್ಕರೆ ಮಕ್ಕಳ ನಗುವಿನ ಹಾಗೆ ಕಾಣುತ್ತಿತ್ತು.

“ಗುಂಗಾಡ ಕಚ್ಚಿತ್ತವ್ವ.”

ಗುಂಗಾಡ ಎಂದರೆ ಅವರ ಕಡೆ ಸೊಳ್ಳೆ. ನೀನು ನಿನ್ನ ಕೈಮೇಲಿನ ಸೊಳ್ಳೆ ಕಡಿತವನ್ನು ತೋರಿಸಿ, ನನಗೂ ಕಚ್ಚಿದೆ, ನನಗೂ ಆಗುತ್ತಾ ಎಂದೆ. ಆಕೆಯ ನಗು ಅಲ್ಲೇ ನಿಂತಿತು. ನಿನ್ನ ಕೈಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಅವತ್ತಿನಿಂದ ಸಂಜೆಯಾಗುವ ಮೊದಲೇ ಆಕೆ ಸೊಳ್ಳೆ ಪರದೆಯೊಳಗೆ ಕೂರುತ್ತಿದ್ದಳು. ಹಳೆಯ ಪರದೆ. ಹರಿದಲ್ಲೆಲ್ಲ ಸೀರೆಯಂಚಿನಿಂದ ಬಿಚ್ಚಿದ ಕೆಂಪು, ಹಸಿರು ನೂಲಿನಲ್ಲಿ ಹೊಲಿದಿದ್ದಳು. ಶೆಡ್ಡಿನ ಮುಂದೆ ಬೆಳಕಿರುವಾಗಲೇ ಅದನ್ನು ಇಳಿಬಿಟ್ಟುಕೊಂಡು ಒಳಗಿನಿಂದಲೇ ಎಲ್ಲರೊಡನೆ ಮಾತಾಡುವಳು. ಮದುವಣಗಿತ್ತಿಯ ಹಾಗೆ ಕೂತಿದ್ದೀಯಲ್ಲವ್ವಾ ಎಂದು ಹುಡುಗರು ನಗುತ್ತಿದ್ದರು. ಇಷ್ಟು ವರ್ಷವಾದ ಮೇಲೆ ಈಗ ಯಾಕೆ ಇಷ್ಟೊಂದು ಹೆದರುತ್ತೀರಿ, ಬರಬೇಕಾದ್ದು ಬಂದೇ ಬಿಟ್ಟಿದೆಯಲ್ಲ ಎಂದು ನಾನೊಮ್ಮೆ ಕೇಳಿದೆ.

“ನನಗ ಹೆದರಿಕಿ ಇಲ್ರೀ ಅಕ್ಕಾರ. ನನಗ ಕಚ್ಚಿದ್ದು ಹೋಗಿ ಹುಡುಗ್ರಿಗಿ ಕಚ್ಚಬಾರದಲ್ರೀ.”

ಆಕೆಯ ರಕ್ತದಲ್ಲಿ ಈಗ ಈ ರೋಗದ ಹುಳು ಇಲ್ಲ, ಆಕೆಯಿಂದ ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಕೆ ಅದನ್ನು ನಂಬಲಿಲ್ಲ.

ಆ ರೋಗದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಪರದೆಯ ಆ ಬದಿಯಿಂದ ಆಕೆ ಹೇಳಿದ್ದೇ. ಅವರೂರಿನಲ್ಲಿ ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಬೇಸಿಗೆಯಲ್ಲಿ ಒಳಗೆ ಮಲಗಿದರೆ ಬೆಂದುಹೋಗುತ್ತಾರೆ, ಹಾಗಾಗಿ ಇಡೀ ಊರು ಅಂಗಳದಲ್ಲಿ ಮಲಗುತ್ತದೆ. ಮಗ್ಗುಲಲ್ಲೇ ಬಚ್ಚಲ ತೆಗ್ಗು, ಅಂದರೆ ಮೈ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಹೋಗಿ ನಿಲ್ಲುವ ಗುಂಡಿ. ನಮ್ಮೂರಿನಲ್ಲಿ ಆ ನೀರನ್ನು ಬಾಳೆಯ ಬುಡಕ್ಕೆ ಬಿಡುತ್ತಿದ್ದೆವು. ಅಲ್ಲಿ ಅದಕ್ಕೂ ಜಾಗವಿಲ್ಲ, ಓಣಿಯಿಡೀ ಕಲ್ಲುಹಾಸು. ನಿಂತು ಕಪ್ಪಾದ ಆ ನೀರಿನಲ್ಲೇ ಈ ಸೊಳ್ಳೆ ಮೊಟ್ಟೆಯಿಡುತ್ತದಂತೆ. ರೋಗವಿದ್ದವನನ್ನು ಕಚ್ಚಿ ಹುಳುವಿನ ಮರಿಯನ್ನು ಹೀರಿಕೊಂಡು, ಅದನ್ನು ಇನ್ನೊಬ್ಬನಿಗೆ ದಾಟಿಸುತ್ತದಂತೆ. ಒಂದೆರಡು ಕಡಿತದಿಂದ ಆಗುವುದಲ್ಲ, ವರ್ಷಗಟ್ಟಲೆ ಕಚ್ಚಬೇಕು. ಕಾಲು ಊದುವ ಹೊತ್ತಿಗೆ ಹುಳು ಒಳಗೆ ಸಂಸಾರ ಹೂಡಿ ಎಷ್ಟೋ ಕಾಲವಾಗಿರುತ್ತದೆ. ಅದು ರಕ್ತಕ್ಕೆ ಬರುವುದು ಕತ್ತಲಾದ ಮೇಲೆ. ಅದಕ್ಕೇ ಸರ್ಕಾರದವರು ರಾತ್ರಿ ಬಂದು ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚುತ್ತಿದ್ದರಂತೆ. ಊರಿನವರು ರಕ್ತ ಮಾರುವವರು ಬಂದರೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆಕೆಗೆ ಕಾಲು ಬಂದಾಗ, ಬಾಣಂತಿಯಾಗಿದ್ದಾಗ ತಣ್ಣೀರು ತುಳಿದದ್ದೇ ಕಾರಣ ಎಂದು ಅತ್ತೆ ಹೇಳಿದ್ದರಂತೆ.

ದಿನಾ ಸಂಜೆ ಆಕೆ ಕಾಲು ತೊಳೆಯುವುದನ್ನು ನೋಡಬೇಕಿತ್ತು. ಬೋಗುಣಿಯಲ್ಲಿ ನೀರು, ಒಂದು ತುಂಡು ಸೋಪು. ಹಸುಗೂಸಿನ ಮೈ ತೊಳೆದಂತೆ ಒಂದೊಂದು ಮಡಿಕೆಯನ್ನೂ ಬಿಡಿಸಿ ತೊಳೆಯುವಳು. ಆಮೇಲೆ ಹಳೆಯ ಧೋತರದ ತುಂಡಿನಿಂದ ಬೆರಳ ಸಂದಿಗಳನ್ನು ಒತ್ತಿ ಒತ್ತಿ ಒರೆಸುವಳು. ಎಲ್ಲಾದರೂ ಚರ್ಮ ಒಡೆದು ಕೊಳೆ ಒಳಗೆ ಹೋದರೆ ಕಾಲು ಕೆಂಪಾಗಿ ಚಳಿಜ್ವರ ಬರುತ್ತಿತ್ತು. ಈ ಕಾಲು ಇನ್ನೊಬ್ಬರ ಕೂಸು, ನನ್ನ ಹತ್ತಿರ ಬಿಟ್ಟುಹೋಗಿದ್ದಾರೆ ಎನ್ನುತ್ತಿದ್ದಳು.

ಆಕೆಗೆ ಹೊಂದುವ ಚಪ್ಪಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ನಿಮ್ಮ ತಾತನ ರಬ್ಬರ್ ಚಪ್ಪಲಿ ನಮ್ಮ ಬಾಗಿಲ ಹಿಂದೆಯೇ ಇತ್ತು. ಯಾರು ಎಷ್ಟು ಹೇಳಿದರೂ ನಾನು ತೆಗೆದಿರಲಿಲ್ಲ. ಅದನ್ನು ಬಾಪೂಜಿ ನಗರದ ಒಬ್ಬ ಚಪ್ಪಲಿ ಹೊಲಿಯುವವನ ಹತ್ತಿರ ಒಯ್ದು, ಎಡಗಾಲಿನದಕ್ಕೆ ಪಟ್ಟಿ ಕಿತ್ತು ಅಗಲವಾದ ಮೆತ್ತನೆಯ ಪಟ್ಟಿ ಹಾಕಿಸಿದೆ. ಆಕೆ ಹಾಕಿಕೊಂಡು ನಮ್ಮ ಗೇಟಿನವರೆಗೆ ನಡೆದು ಬಂದಳು. ಯಾರದೆಂದು ಕೇಳಲಿಲ್ಲ. ವಾಪಸು ಹೋಗುವಾಗ ಮಾತ್ರ ಚಪ್ಪಲಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕಟ್ಟಡ ಮುಗಿದ ಮೇಲೆ ಮಾಲೀಕರು ಅವರನ್ನೇ ಉಳಿಸಿಕೊಂಡರು. ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ, ಮೆಟ್ಟಿಲ ಅಡಿಯಲ್ಲಿ ಒಂದು ಕೋಣೆ ಸಿಕ್ಕಿತು.

ವರ್ಷಕ್ಕೊಂದು ಸಲ ಆಕೆ ತಪ್ಪದೆ ಊರಿಗೆ ಹೋಗುತ್ತಿದ್ದಳು. ಹಬ್ಬಕ್ಕಲ್ಲ, ಜಾತ್ರೆಗಲ್ಲ, ಗುಳಿಗೆಯ ದಿನಕ್ಕೆ. ಆ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಆನೆಕಾಲು ಬರದಿರಲೆಂದು ಎಲ್ಲರಿಗೂ ಮಾತ್ರೆ ಕೊಡುತ್ತಾರೆ. ಅದನ್ನು ಊರಿನಲ್ಲಿದ್ದ ತನ್ನ ಮಗಳ ಮಗಳು ನುಂಗಿದ್ದನ್ನು ಕಣ್ಣಲ್ಲಿ ನೋಡಿಯೇ ಆಕೆ ರೈಲು ಹತ್ತುತ್ತಿದ್ದಳು. ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ, ಕೆನ್ನೆಯೊಳಗೆ ಬೆರಳಾಡಿಸಿ ನೋಡುತ್ತಿದ್ದಳಂತೆ. ಮಾತ್ರೆಗಾಗಿ ಅಷ್ಟು ದೂರ ಹೋಗಬೇಕೇ, ಮಗಳು ನುಂಗಿಸುವುದಿಲ್ಲವೇ ಎಂದು ಕೇಳಿದೆ. ಎಷ್ಟೋ ದಿನ ಬಿಟ್ಟು, ಕಾಲು ಒರೆಸಿಕೊಳ್ಳುತ್ತಾ ತಾನಾಗಿ ಹೇಳಿದಳು.

ಆಕೆಯ ಮಕ್ಕಳು ಚಿಕ್ಕವರಿದ್ದಾಗಲೂ ಗುಳಿಗೆ ಬರುತ್ತಿತ್ತು. ಊಟ ಮಾಡಿ ನುಂಗಿ ಎಂದು ಹೇಳಿ, ಅಷ್ಟೂ ಜನರದನ್ನು ಕೈಗೆ ಕೊಟ್ಟು ಹೋಗುತ್ತಿದ್ದರು. ಮನೆಯವರು ಕೂತು ಯೋಚಿಸಿದರು. ನಮಗೇನಾಗಿದೆ, ಕಾಲು ಬಂದಿರುವುದು ಇವಳಿಗೆ. ಔಷಧ ಬೇಕಾದದ್ದು ಇವಳಿಗೆ. ಗಂಡ, ಅತ್ತೆ, ಮಕ್ಕಳು ಎಲ್ಲರೂ ತಮ್ಮ ತಮ್ಮ ಪಾಲಿನದನ್ನು ಒಂದು ಬಟ್ಟಲಿಗೆ ಹಾಕಿ, ದಿನಾ ಇಷ್ಟಿಷ್ಟೆಂದು ಆಕೆಗೇ ನುಂಗಿಸಿದರು. ಆಕೆಗೆ ತಲೆ ಸುತ್ತುತ್ತಿತ್ತು, ವಾಂತಿಯಾಗುತ್ತಿತ್ತು. ಔಷಧ ಹಿಡಿಯುತ್ತಿದೆ ಎಂದು ಎಲ್ಲರಿಗೂ ಸಮಾಧಾನ. ಪ್ರತಿ ವರ್ಷವೂ ಹೀಗೇ. ಊದಿದ ಕಾಲನ್ನು ಆ ಗುಳಿಗೆ ಇಳಿಸುವುದಿಲ್ಲ, ಊದದ ಕಾಲನ್ನು ಕಾಯುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಎಲ್ಲರಿಗಿಂತ ಮುಂದಾಗಿ ಕೊಡುತ್ತಿದ್ದವಳು ಮಗಳು. ದೊಡ್ಡವಳಾಗಿ, ಮದುವೆಯಾಗಿ, ಮೊದಲ ಹೆರಿಗೆಗೆಂದು ತವರಿಗೆ ಬಂದಾಗ ಅವಳ ಬಲಗಾಲು ಊದಿತು. ಬಸುರಿಯ ಊತವೆಂದುಕೊಂಡರು. ಹೆರಿಗೆಯಾಯಿತು, ಊತ ಇಳಿಯಲಿಲ್ಲ. ಗಂಡನ ಮನೆಯವರು ಬಾಣಂತನ ಮುಗಿದ ಮೇಲೂ ಕರೆಯಲು ಬರಲಿಲ್ಲ.

“ಆಕೀ ಪಾಲಿಂದೂ ನಾನೇ ತಿಂದೆ ಅಕ್ಕಾರ. ಕೂಸು ನೀರು ಹಿಡಕೊಂಡು ಎದುರಿಗೇ ನಿಂದರ್ತಿತ್ತು. ನುಂಗವ್ವಾ, ಆರಾಮಾಗ್ತದ ಅಂತಿತ್ತು.”

ಇಷ್ಟು ಹೇಳಿ ಆಕೆ ಒಣಗಿದ್ದ ಕಾಲನ್ನೇ ಮತ್ತೆ ಒರೆಸಿದಳು. ತಾಯಿ ಮಗಳು ಈ ವಿಷಯವನ್ನು ತಮ್ಮೊಳಗೆ ಒಂದು ದಿನವೂ ಆಡಿರಲಿಲ್ಲವಂತೆ.

ಹೋದ ವರ್ಷ ಗುಳಿಗೆಯ ದಿನ ಹತ್ತಿರ ಬಂದಾಗ, ಆಕೆ ಊರಿಗೆ ಹೊರಡಲು ಚೀಲ ಕಟ್ಟಿಟ್ಟಿದ್ದಳು. ಆಗಲೇ ಆ ಮಳೆ ಬಂತು. ನಿಮಗೆ ನೆನಪಿರಬೇಕು, ನಮ್ಮ ರಸ್ತೆಯ ಮೋರಿ ಉಕ್ಕಿ ಎದುರು ಕಟ್ಟಡದ ನೆಲಮಾಳಿಗೆಗೆ ನುಗ್ಗಿತ್ತು. ಮೇಲಿನ ಮನೆಗಳವರು ಕಾರು ತೆಗೆಯಿರಿ ಎಂದು ಕೂಗುತ್ತಿದ್ದರು, ಮಗ ಆ ಕಡೆ ಓಡಿದ. ಆಕೆ ಆ ಕಪ್ಪು ನೀರಿನಲ್ಲಿ ನಿಂತು ಜೋಳದ ಚೀಲ, ಹಾಸಿಗೆ, ಪರದೆ ಎಲ್ಲವನ್ನೂ ಮೆಟ್ಟಿಲ ಮೇಲಕ್ಕೆ ಸೊಸೆಯ ಕೈಗೆ ಕೊಡುತ್ತಾ ಹೋದಳು. ನಾನು ಹೋಗಿ ಮೇಲೆ ಬನ್ನಿ ಎಂದು ಕರೆದೆ. ಇನ್ನೊಂದಿಷ್ಟೇ ಅಕ್ಕಾರ ಎಂದಳು. ಬೆರಳ ಸಂದಿಯಲ್ಲಿ ಚರ್ಮ ಒಡೆದಿತ್ತು. ಮೂರನೆಯ ದಿನಕ್ಕೆ ಕಾಲು ಕೆಂಡದ ಹಾಗಾಯಿತು, ಚಳಿಜ್ವರ ಹಿಡಿಯಿತು.

ಊರಿಗೆ ಹೋಗಲಾಗಲಿಲ್ಲ. ಮಗನ ಫೋನು ಅದೇ ನೀರಿನಲ್ಲಿ ಬಿದ್ದು ಹಾಳಾಗಿತ್ತು. ಗುಳಿಗೆಯ ದಿನ ನನ್ನ ಫೋನನ್ನು ಒಯ್ದೆ. ಮುಖ ಕಾಣಿಸುವ ಹಾಗೆ ಮಾಡುವುದನ್ನು ನೀನೇ ಹೇಳಿಕೊಟ್ಟಿದ್ದೆ, ಧನ್ಯಾ. ಆ ಕಡೆ ಆಶಾ ಕಾರ್ಯಕರ್ತೆ ನಿಂತಿದ್ದಳು, ಮಗಳು ಕೂತಿದ್ದಳು. ಮೊಮ್ಮಗಳು ಬಾಯಿ ತೆರೆದು ಆ ಎಂದಳು. ಈಕೆ ಮಲಗಿದಲ್ಲಿಂದಲೇ, ದನಿಯೇ ಬರುತ್ತಿರಲಿಲ್ಲ, “ನಾಲಿಗಿ ಎತ್ತು” ಎಂದಳು. ಹುಡುಗಿ ಎತ್ತಿದಳು. ಆಮೇಲೆ “ಮುಟಗಿ ಬಿಚ್ಚು” ಎಂದಳು. ಆಕೆಗೆ ಹೇಗೆ ಹೊಳೆಯಿತೋ ಕಾಣೆ. ಹುಡುಗಿಯ ಮುಷ್ಟಿಯಲ್ಲಿ ಗುಳಿಗೆಗಳಿದ್ದವು.

“ನಿನಗ ಆರಾಮಿಲ್ಲಲಾ ಅಜ್ಜಿ,” ಹುಡುಗಿ ಎಂದಳು. “ಮಾಮ ಬಂದಾಗ ನಿನಗ ಕೊಟ್ಟು ಕಳಸ್ತೀನಿ.”

ಆ ಕಡೆ ಮಗಳು ಮುಖ ತಿರುಗಿಸಿಕೊಂಡಳು. ಈಕೆ ಬಯ್ಯಲಿಲ್ಲ. ಮೊಣಕೈ ಊರಿ ಎದ್ದು, ಫೋನಿಗೆ ಮುಖ ಹತ್ತಿರ ತಂದಳು.

“ನೀ ನುಂಗವ್ವ. ನೀ ಅಲ್ಲಿ ನುಂಗಿದ್ರ ನನ್ನ ಜ್ವರ ಇಲ್ಲಿ ಇಳೀತದ.”

ಹುಡುಗಿ ನುಂಗಿದಳು. ಬಾಯಿ ತೋರಿಸಿದಳು, ಕೈಗಳನ್ನೂ ತೋರಿಸಿದಳು. ಆಕೆ ಮಲಗಿ ಗೋಡೆಯ ಕಡೆ ತಿರುಗಿಕೊಂಡಳು.

ಆಸ್ಪತ್ರೆಗೆ ಸೇರಿಸಿದರು. ನಂಜು ರಕ್ತಕ್ಕೆ ಇಳಿದಿದೆ, ತಡವಾಯಿತು ಎಂದರು. ಅದೇ ವಾರ ಆಕೆ ಹೋಗಿಬಿಟ್ಟಳು. ಹೆಣವನ್ನು ಊರಿಗೆ ಒಯ್ದರು. ಎಡಗಾಲಿಗೆ ಅಗಲದ ಪಟ್ಟಿಯಿದ್ದ ಚಪ್ಪಲಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಬಹಳ ದಿನ ಇತ್ತು. ನಾನು ತರಲೂ ಇಲ್ಲ, ತೆಗೆಯಿರಿ ಎನ್ನಲೂ ಇಲ್ಲ. ಪರದೆಯನ್ನು ಸೊಸೆ ಬಿಸಾಡುವುದರಲ್ಲಿದ್ದಳು, ಕೇಳಿ ಇಸಿದುಕೊಂಡೆ.

ಕಳೆದ ವಾರ ಬಂದ ಫೋನು ಆ ಮಗಳದು. ಅವಳು ನನಗೆ ಎಂದೂ ಫೋನು ಮಾಡಿದವಳಲ್ಲ. ಗುಳಿಗೆ ಕೊಡುವವರು ಬಂದು ನಿಂತಿದ್ದಾರೆ, ಹುಡುಗಿ ಹಲ್ಲು ಕಚ್ಚಿಕೊಂಡು ಬಾಯಿಯೇ ಬಿಡುತ್ತಿಲ್ಲ ಎಂದಳು.

“ಅಜ್ಜಿ ಮಾತು ಕೇಳ್ತಿದ್ಲು. ನನ್ನ ಮಾತು ಕೇಳವಲ್ಲಳ್ರೀ. ನೀವರ ಒಂದ್ ಮಾತು ಹೇಳ್ರಿ ದೊಡ್ಡಮ್ಮ.”

ಫೋನಿನಲ್ಲಿ ಹುಡುಗಿಯ ಮುಖ ಬಂತು. ಬೆಳೆದಿದ್ದಳು. ನಾನು ನುಂಗಮ್ಮಾ ಎಂದೆ. ಅವಳು ನನ್ನನ್ನೇ ನೋಡಿದಳು.

“ಹ್ವಾದ ವರ್ಷ ನುಂಗಿದ್ದೆ. ಅಜ್ಜಿ ಎಲ್ಲಿ ಆರಾಮಾದ್ಲು?”

ಅಜ್ಜಿ ದೇವರ ಹತ್ತಿರ ಇದ್ದಾಳೆ, ಅಲ್ಲಿಂದ ನೋಡುತ್ತಿದ್ದಾಳೆ ಎನ್ನಬಹುದಿತ್ತು. ಆ ಮಾತು ಬಾಯಿಯವರೆಗೆ ಬಂತು. ಆದರೆ ಇನ್ನೊಂದು ಸುಳ್ಳಿಗೆ ಆ ಹುಡುಗಿ ಬಾಯಿ ತೆರೆಯುವುದಿಲ್ಲ ಎನ್ನಿಸಿತು.

“ನಿಮ್ಮಜ್ಜಿ ಅವತ್ತು ಸುಳ್ಳು ಹೇಳಿದ್ಲು ಕಣವ್ವ,” ಎಂದೆ. “ಆ ಮಾತ್ರೆಯಿಂದ ಅವಳ ಜ್ವರ ಇಳಿಯೋ ಹಂಗಿರ್ಲಿಲ್ಲ. ಅವಳಿಗೂ ಗೊತ್ತಿತ್ತು. ನೀನು ಅವಳಿಗೋಸ್ಕರ ಎತ್ತಿಟ್ಟುಬಿಡ್ತೀಯ ಅಂತ ಹೆದರ್ಕೊಂಡು ಹಂಗಂದ್ಲು.”

“ಎತ್ತಿಟ್ರ ಏನಾಗ್ತಿತ್ತು?”

“ನಿಮ್ಮಮ್ಮ ನಿನ್ನಷ್ಟಿದ್ದಾಗ ಹಂಗೇ ಎತ್ತಿಟ್ಟು ಅವಳಿಗೆ ಕೊಟ್ಟಿದ್ಲು. ಎಲ್ಲಾ ವರ್ಷದ್ದೂ.”

ಫೋನು ವಾಲಿತು. ಕಲ್ಲಿನ ಗೋಡೆ ಕಂಡಿತು, ಆಮೇಲೆ ಮಾಳಿಗೆ. ಹೇಳಬಾರದ್ದನ್ನು ಹೇಳಿಬಿಟ್ಟೆನೇನೋ ಎಂದುಕೊಂಡೆ. ಆಗ ಮಗಳ ದನಿ ಕೇಳಿತು. ಅವಳು ಮಾತಾಡಿದ್ದು ನನ್ನೊಡನಲ್ಲ.

“ಖರೇ ಅದ ಅವ್ವಿ. ನನಗೂ ನಿನ್ಹಂಗೇ ಅನಸ್ತಿತ್ತು. ನೋಡಿಲ್ಲಿ.”

ಏನು ನೋಡು ಎಂದಳೋ ನನಗೆ ಕಾಣಲಿಲ್ಲ. ಮಾಳಿಗೆಯ ಕಲ್ಲು ಮಾತ್ರ ಕಾಣುತ್ತಿತ್ತು. ಯಾರೋ ನೀರು ಕೊಟ್ಟ ಸದ್ದಾಯಿತು. ಆಮೇಲೆ ಫೋನಿನ ತುಂಬ ಒಂದು ತೆರೆದ ಬಾಯಿ ಬಂದು ನಿಂತಿತು. ಮುಂದಿನ ಹಲ್ಲುಗಳ ನಡುವೆ ಅದೇ ಸಂದು. ನಾನು ಏನನ್ನು ನೋಡಬೇಕೆಂದು ಒಂದು ಕ್ಷಣ ತೋಚಲಿಲ್ಲ. ಅಷ್ಟರಲ್ಲಿ ಆ ರೊಟ್ಟಿ ಅಜ್ಜಿಯ ಮಾತೇ ನನ್ನ ಬಾಯಲ್ಲಿ ಬಂತು. ಆ ಹುಡುಗಿಗಿಂತಲೂ ದೂರದಲ್ಲಿರುವವರಿಗೆ ಕೇಳಿಸಬೇಕೆಂಬ ಹಾಗೆ ಕೂಗಿಬಿಟ್ಟೆ. ಹುಡುಗಿ ನಾಲಿಗೆ ಎತ್ತಿದಳು. ಕೆಳಗೆ ಏನೂ ಇರಲಿಲ್ಲ. ಎರಡೂ ಅಂಗೈ ಬಿಚ್ಚಿ ತೋರಿಸಿದಳು.

ನೀವು ನಕ್ಕದ್ದು ಆಗ. ಅದು ಅವಳಿಗೂ ಕೇಳಿಸಿತು.

“ಯಾರ ಅವ್ರು?”

“ನನ್ನ ಮೊಮ್ಮಕ್ಕಳು.”

“ಅವ್ರು ನುಂಗ್ಯಾರೇನು?”

ಇಲ್ಲಿ ಯಾರೂ ಗುಳಿಗೆ ಕೊಡಲು ಬರುವುದಿಲ್ಲ ಎಂದು ಹೇಳಬೇಕಿತ್ತು. ಫೋನು ಇಟ್ಟ ಮೇಲೆ ಅಟ್ಟದಿಂದ ಆ ಪರದೆಯನ್ನು ಇಳಿಸಿ, ಒಗೆದು ಒಣಗಿಸಿ, ಮಾರನೆಯ ದಿನ ನಿಮ್ಮ ಮಂಚಕ್ಕೆ ಕಟ್ಟಿದೆ. ಹರಿದ ಕಡೆ ಕೆಂಪು, ಹಸಿರು ನೂಲಿದೆ ಎಂದು ನೀವು ಮುಖ ಸಿಂಡರಿಸಿದಿರಿ. ಹೊಸದು ತರೋಣ ಎಂದು ನಿಮ್ಮಪ್ಪನೂ ಹೇಳಿದ. ಬೇಡ. ಸಂಜೆಯಾಗುವ ಮೊದಲೇ ಅದನ್ನು ಇಳಿಬಿಡಿ, ಸೆಕೆ ಎಂದು ಎತ್ತಬೇಡಿ.